ಕಲ್ಕತ್ತಾದ ಗಿಟಾರು, ಗುಡೇಕೋಟೆಯ ಪೆಟ್ಟಿಗೆ

ನಮ್ಮ ಕಡೆ ಒಂದು ಸಭೆ ಮುಗಿಯಬೇಕಾದರೆ ವಂದನಾರ್ಪಣೆ ಆಗಲೇಬೇಕು. ಶಾಮಿಯಾನ ಹಾಕಿದವನು, ಕುರ್ಚಿ ಕೊಟ್ಟವನು, ಆ ಕುರ್ಚಿಗಳನ್ನು ಹೊತ್ತು ತಂದವನು, ಜನರೇಟರಿನವನು, ಅಧ್ಯಕ್ಷರಿಗೆ ಕುಡಿಯಲು ಸ್ಟೀಲ್ ಲೋಟ ಕೊಟ್ಟ ಎದುರುಮನೆಯವರು, ಇಷ್ಟೂ ಜನರ ಹೆಸರು ಮೈಕಿನಲ್ಲಿ ಬರಬೇಕು. ಒಂದು ಬಿಟ್ಟುಹೋಯಿತೋ, ಮುಂದಿನ ವರ್ಷ ಆ ಸಭೆಗೆ ಶಾಮಿಯಾನ ಸಿಗುವುದಿಲ್ಲ. ಹಗರಿಬೊಮ್ಮನಹಳ್ಳಿಯ ಸುತ್ತಮುತ್ತ ಈ ಹೆಸರುಗಳನ್ನು ಓದುವ ಕೆಲಸವನ್ನು ನಾನು ಇಪ್ಪತ್ತಾರು ವರ್ಷ ಮಾಡಿದ್ದೇನೆ. ನನ್ನ ಹೆಸರು ಸೋಮಶೇಖರ್. ಕೆಲಸ ಹೈಸ್ಕೂಲಿನಲ್ಲಿ ಕನ್ನಡ ಪಾಠ, ಚಟ ಮೈಕು. ಮೇಷ್ಟ್ರ ಗಂಟಲೆಂದರೆ ಗಂಟಲು ಎಂದು ನಾಲ್ಕು ತಾಲ್ಲೂಕಿನ ಜನ ಹೇಳುತ್ತಾರೆ. ಮನೆಯಲ್ಲಿ ಮಾತ್ರ ಯಾರೂ ಹೇಳುವುದಿಲ್ಲ.

ಸಾವಿರಾರು ಹೆಸರು ಓದಿದ ಈ ಬಾಯಿ ೧೯೯೯ರ ಮಾರ್ಚ್ ತಿಂಗಳಲ್ಲಿ ಒಂದು ಹೆಸರನ್ನು ನುಂಗಿಕೊಂಡು ಊರೂರು ತಿರುಗಿತು. ಆ ಹೆಸರು ಕೊಟ್ಟೂರಿನ ಬಡಿಗೇರ ಏಕಾಂತಪ್ಪನದು. ಅವನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟಿದ್ದಾರೆ, ಆದರೆ ನನಗಿಂತ ಹೆಚ್ಚು ನಾಚಿಕೆಪಡಬೇಕಾದವನು ಇನ್ನೊಬ್ಬನೇ ಇದ್ದಾನೆ, ಅವನು ಬರೆಯುವ ಪೈಕಿಯವನಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಏಕಾಂತಪ್ಪನ ಅಪ್ಪ ಎತ್ತಿನ ಗಾಡಿ ಮಾಡುತ್ತಿದ್ದ. ಟ್ರ್ಯಾಕ್ಟರುಗಳು ಬಂದು ಗಾಡಿಗಳು ಹಿತ್ತಲು ಸೇರಿದ ಮೇಲೆ ಮಗ ಬಾಗಿಲು, ಕಿಟಕಿ, ತೊಟ್ಟಿಲು ಹಿಡಿದ. ನಾಟಕ ಕಂಪನಿಗಳು ಕೊಟ್ಟೂರಿನಲ್ಲಿ ಕ್ಯಾಂಪು ಹಾಕಿದಾಗ ಅವರ ಹಾರ್ಮೋನಿಯಮ್ಮಿನ ಹರಿದ ತಿದಿ ಸರಿಮಾಡಿಕೊಡುತ್ತಿದ್ದ. ಓದಿದ್ದು ನಾಲ್ಕನೇ ಇಯತ್ತೆ. ಮಾತು ಕಡಿಮೆ. ಇದ್ದದ್ದು ಒಂದೇ ಖಯಾಲಿ: ಯಾವ ಮರ ಕಂಡರೂ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಡುವುದು. ಬಸ್ಸಿನ ಸೀಟು, ಬ್ಯಾಂಕಿನ ಕೌಂಟರು, ನಮ್ಮ ಶಾಲೆಯ ಕಪ್ಪು ಹಲಗೆ, ಯಾವುದನ್ನೂ ಬಿಟ್ಟವನಲ್ಲ. ಗುಡೇಕೋಟೆಗೆ ಹೆಣ್ಣು ನೋಡಲು ಹೋದಾಗಲೂ ಹೆಣ್ಣಿನ ಮುಖ ನೋಡುವ ಮೊದಲು ಪಡಸಾಲೆಯಲ್ಲಿದ್ದ ಜೋಳದ ಪೆಟ್ಟಿಗೆಯನ್ನು ಬಡಿದು ನೋಡಿದ್ದನಂತೆ. ಸಾಗವಾನಿ ಪೆಟ್ಟಿಗೆ, ಆಳೆತ್ತರಕ್ಕೆ ಅರ್ಧ, ಕಬ್ಬಿಣದ ಪಟ್ಟಿ ಹೊಡೆದದ್ದು. ಮದುವೆಯಲ್ಲಿ ಅದನ್ನೇ ಮಾವ ಬಳುವಳಿಯಾಗಿ ಕಳಿಸಿದ.

"ಅವ್ರು ನನ್ನ ಒಪ್ಪಿದ್ದಲ್ರೀ ಮೇಷ್ಟ್ರ," ಎಂದು ಅವನ ಹೆಂಡತಿ ಬಸಲಿಂಗಮ್ಮ ಈಗಲೂ ಆಡಿಕೊಳ್ಳುತ್ತಾಳೆ. "ಪೆಟ್ಟಿಗಿ ಒಪ್ಪಿದ್ರು. ಪೆಟ್ಟಿಗಿ ಜೋಡಿ ನಾನೂ ಬಂದೆ."

ಇನ್ನು ಪಂಡಿತ ಶಿವಯೋಗಿ ಚಿಗಟೇರಿಯವರ ವಿಷಯ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಹತ್ತು ವರ್ಷ ಕಲಿತು, ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ಸರಳು ಜಾರಿಸಿ ಹಿಂದೂಸ್ತಾನಿ ರಾಗ ನುಡಿಸುತ್ತಿದ್ದರು. ನುಡಿಸುವುದರಲ್ಲಿ ಕಸರಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಸುಳ್ಳೆಲ್ಲ ನುಡಿಸುವುದು ನಿಂತ ಮೇಲೆ ಶುರುವಾಗುತ್ತಿತ್ತು. ರೇಷ್ಮೆ ಜುಬ್ಬ, ಭುಜಕ್ಕೆ ಇಳಿದ ಕೂದಲು, ಮಾತಾಡುವಾಗ ಅರ್ಧ ಮುಚ್ಚಿದ ಕಣ್ಣು. ಪಂಡಿತ ಎಂಬ ಪದವಿ ಅವರಿಗೆ ಕೊಟ್ಟವರು ಯಾರು ಎಂದು ಯಾರಾದರೂ ಹುಡುಕಿದರೆ ಆ ಪಾಪವೂ ನನ್ನ ತಲೆಗೇ ಬರುತ್ತದೆ. ತೊಂಬತ್ತನಾಲ್ಕರಲ್ಲಿ ಒಂದು ಸಭೆಯಲ್ಲಿ ಉಮೇದಿಗೆ ಬಂದು ಹಾಗೆ ಕರೆದುಬಿಟ್ಟೆ. ಹದಿನೈದು ದಿನದಲ್ಲಿ ಅವರು ಕಾರ್ಡು ಅಚ್ಚು ಹಾಕಿಸಿದರು.

ಅವರ ಹತ್ತಿರ ಕಲ್ಕತ್ತಾದಲ್ಲಿ ಮಾಡಿದ ಒಂದು ಹಳೆಯ ಗಿಟಾರು ಇತ್ತು. ಬಸ್ಸಿನ ಟಾಪಿನ ಮೇಲೆ ಟೊಮ್ಯಾಟೊ ಬುಟ್ಟಿಗಳ ನಡುವೆ ಬಿಗಿದು ತಂದು, ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಹೊಟ್ಟೆ ಸೀಳಿಹೋಯಿತು. ಯಾರೋ ಏಕಾಂತಪ್ಪನ ಹೆಸರು ಹೇಳಿದರು. ಏಕಾಂತಪ್ಪ ಎರಡು ಸಲ ಬಡಿದು, ಕಿವಿಗೊಟ್ಟು, "ಇದು ಸತ್ತೈತ್ರಿ. ಹಿಂಗ ಇನ್ನೊಂದು ಮಾಡಿಕೊಡ್ತೀನಿ," ಎಂದ. ಅದುವರೆಗೆ ಅವನು ಗಿಟಾರನ್ನು ಕೈಯಲ್ಲಿ ಹಿಡಿದವನಲ್ಲ.

ಸತ್ತ ಗಿಟಾರನ್ನು ಬಿಚ್ಚಿ, ದಾರದಲ್ಲಿ ಅಳತೆ ತೆಗೆದು, ಗೋಡೆಗೆ ನೇತುಹಾಕಿಕೊಂಡ. ಹಲಗೆ ಬಗ್ಗಿಸಲು ಕಾದ ಕಬ್ಬಿಣದ ಪೈಪು, ತಂತಿ ಕೂರಲು ಎಮ್ಮೆಯ ಕೊಂಬಿನ ಚೂರು, ಎಲ್ಲ ಹೊಂದಿಸಿಕೊಂಡ. ಆದರೆ ಮರ ಸಿಗಲಿಲ್ಲ. ಸಾಮಿಲ್ಲಿನಿಂದ ತಂದ ಹಲಗೆಗಳನ್ನು ಒಂದೊಂದಾಗಿ ಬಡಿದು "ಹಸಿ ಐತಿ, ಹಸಿ ಐತಿ," ಎಂದು ಬದಿಗಿಟ್ಟ. ಹದಿನೈದು ದಿನ ಹೀಗೇ ನಡೆದು, ಒಂದು ಬೆಳಗ್ಗೆ ಅವನ ಬೆರಳು ಮನೆಯೊಳಗಿನ ಜೋಳದ ಪೆಟ್ಟಿಗೆಯ ಮೇಲೆ ಬಂದು ನಿಂತಿತು. ಅರವತ್ತು ವರ್ಷ ಕಾಳಿನ ಜೊತೆ ಒಣಗಿದ ಮರ.

ಬಸಲಿಂಗಮ್ಮ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಜೋಳವನ್ನೆಲ್ಲ ಚೀಲಕ್ಕೆ ತುಂಬಿ, ಪೆಟ್ಟಿಗೆ ಒರೆಸಿ, ಹೇಳಿದಳು: "ನಿಮ್ಮಪ್ಪ ನೂರಾರು ಗಾಡಿ ಮಾಡಿ ಸತ್ತ, ಒಬ್ರೂ ಹೆಸರು ಹೇಳಲಿಲ್ಲ. ನೀವು ಊರ ತುಂಬ ಬಾಗ್ಲ ಇಟ್ರಿ. ತಗದು ಹಾಕೋರು ಯಾರೂ ನಿಮ್ಮ ನೆನಸಂಗಿಲ್ಲ. ನಮ್ಮಪ್ಪನ ಪೆಟ್ಟಿಗಿ ಮುರಿತೀರಿ ಅಂದ್ರ ಒಂದು ಮಾತು ಕೊಡ್ರಿ. ಕೊಟ್ಟೂರಾಗ, ಮೈಕಿನಾಗ, ನಿಮ್ಮ ಹೆಸರು ಒಂದ್ಸಲ ಬರಬೇಕು. ನಾ ಕುಂತು ಕೇಳಬೇಕು."

ಏಕಾಂತಪ್ಪ ಆ ಮಾತನ್ನು ಪಂಡಿತರಿಗೆ ಮುಟ್ಟಿಸಿದ. ಪಂಡಿತರು ಎದೆಯ ಮೇಲೆ ಕೈಯಿಟ್ಟು, "ಅದೇನು ದೊಡ್ಡದು, ಖಂಡಿತ ಹೇಳ್ತೀನಿ," ಎಂದರು. ನಾಲ್ಕು ತಿಂಗಳಿಗೆ ಗಿಟಾರು ಆಯಿತು. ಮೊದಲ ಸಲ ತಂತಿ ಮೀಟಿದಾಗ ನಾನೂ ಅಲ್ಲಿದ್ದೆ. ಸ್ವರ ಎದ್ದು, ಅವನು ಕೆಲಸ ಮಾಡುವ ಆ ಸಣ್ಣ ಕೊಟ್ಟಿಗೆಯೊಳಗೆ ಬಹಳ ಹೊತ್ತು ನಿಂತಿತು. ಪಂಡಿತರ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ನೀರೇ, ನಾನು ನೋಡಿದ್ದೇನೆ.

ನಮ್ಮ ಊರಿನ ಕಲಾ ವೇದಿಕೆಯವರು ಆ ಮಾರ್ಚಿನಲ್ಲಿ "ಪಂಚಪುರ ಸಂಗೀತ ಯಾತ್ರೆ" ಎಂದು ಐದು ದಿನದ ತಿರುಗಾಟ ಗೊತ್ತುಮಾಡಿದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಕೊನೆಗೆ ಕೊಟ್ಟೂರು. ಹರಪನಹಳ್ಳಿ ಆಗಷ್ಟೇ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ ಯಾವ ಜಿಲ್ಲೆಯ ಸಾಹೇಬರಿಗೆ ಮೊದಲು ವಂದಿಸಬೇಕು ಎಂದು ವೇದಿಕೆಯಲ್ಲಿ ಮೂರು ಮೀಟಿಂಗು ನಡೆದವು. ಯಾವ ರಾಗ ನುಡಿಸಬೇಕು ಎಂದು ಒಂದೂ ನಡೆಯಲಿಲ್ಲ. ಬಾಡಿಗೆಯ ಟ್ರ್ಯಾಕ್ಸಿನಲ್ಲಿ ಪಂಡಿತರು, ತಬಲಾದ ಮೈಲಪ್ಪ, ಮೈಕಿನ ನಾನು, ಮತ್ತು ಏಕಾಂತಪ್ಪ. ಹೊಸ ವಾದ್ಯ, ಬಿಸಿಲಿಗೆ ಎಲ್ಲಾದರೂ ಜಗ್ಗಿದರೆ ಕೈ ಹಾಕಲು ಮಾಡಿದವನು ಪಕ್ಕದಲ್ಲಿರಬೇಕೆಂದು ಪಂಡಿತರೇ ಹೇಳಿದ್ದರು. ಆಹ್ವಾನ ಪತ್ರಿಕೆಯಲ್ಲಿ ಪಂಡಿತರದು, ಮೈಲಪ್ಪನದು, ನನ್ನದು, ಹನ್ನೊಂದು ಮುಖ್ಯ ಅತಿಥಿಗಳದು ಹೆಸರಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ಮತ್ತು ಸಂಗಡಿಗರು" ಎಂದಿತ್ತು. ಸಂಗಡಿಗರು ಎಂದರೆ ಏಕಾಂತಪ್ಪ ಒಬ್ಬನೇ.

ಕೂಡ್ಲಿಗಿಯಲ್ಲಿ ಸಭೆಗೆ ಮುಂಚೆ ಶಾಲೆಯ ಕೋಣೆಯೊಂದರಲ್ಲಿ ಕೂತು ಏಕಾಂತಪ್ಪ ತಂತಿ ಬಿಗಿಮಾಡುತ್ತಿದ್ದ. ಗಿಟಾರಿನ ನಡುವಿನ ದುಂಡು ಬಾಯಿಯೊಳಗೆ ಕಣ್ಣಿಟ್ಟವನು ಹಾಗೇ ನಿಂತ.

"ಮೇಷ್ಟ್ರ, ಒಳಗ ತಳಕ್ಕ ಏನೋ ಚೀಟಿ ಅಂಟೈತಿ. ನಾ ಅಂಟಿಸಿದ್ದಲ್ಲ. ಇಂಗ್ಲೀಷಿನಾಗ ಐತಿ. ಏನು ಬರದಾರ ನೋಡ್ರಿ."

ಬಗ್ಗಿ ನೋಡಿದೆ. ಹಳದಿಗಟ್ಟಿದ ಅಚ್ಚಿನ ಚೀಟಿ. ಮೇಡ್ ಇನ್ ಕಲ್ಕತ್ತಾ, ೧೯೬೧. ಸತ್ತ ಗಿಟಾರು ಸೀಳಿದ ದಿನವೇ ಅದರ ಹೊಟ್ಟೆಯಿಂದ ಬಿಡಿಸಿಟ್ಟುಕೊಂಡು ಇದರ ಹೊಟ್ಟೆಗೆ ಅಂಟಿಸಿದ್ದಿರಬೇಕು. ತಲೆಯೆತ್ತಿದರೆ, ಗೋಡೆಯ ಕನ್ನಡಿಯ ಮುಂದೆ ಕೂದಲು ಬಾಚುತ್ತಿದ್ದ ಪಂಡಿತರು ಕನ್ನಡಿಯೊಳಗಿಂದಲೇ ನನ್ನನ್ನು ನೋಡುತ್ತಿದ್ದರು. ಐದು ದಿನದ ಮೈಕು ನನ್ನ ಕೈಯಲ್ಲಿರುವುದೂ ತಪ್ಪುವುದೂ ಅವರ ಒಂದು ಮಾತಿನ ಮೇಲೆ ನಿಂತಿತ್ತು.

"ತಂತಿ ನಂಬರು, ಏಕಾಂತಪ್ಪ," ಎಂದೆ.

"ಹೌದಾ," ಎಂದ ಅವನು. ಮತ್ತೊಮ್ಮೆ ಒಳಗೆ ಇಣುಕಿ, "ಹೋಗಿ ಹೋಗಿ ಅದೇ ಜಾಗದಾಗ ಅಂಟಿಸ್ಬೇಕಾ," ಎಂದು ತನ್ನಷ್ಟಕ್ಕೆ ಅಂದುಕೊಂಡ. ಯಾಕೆ ಹಾಗಂದ ಎಂದು ನಾನು ಕೇಳಲಿಲ್ಲ. ಸುಳ್ಳು ಹೇಳಿದವನಿಗೆ ಮುಂದಿನ ಪ್ರಶ್ನೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು.

ಅವತ್ತು ವೇದಿಕೆಯ ಮೇಲೆ ಪಂಡಿತರು ಕಣ್ಣು ಅರ್ಧ ಮುಚ್ಚಿ, "ಈ ವಾದ್ಯ ಕಲ್ಕತ್ತಾದ್ದು. ಗುರುಗಳ ಕೃಪೆ," ಎಂದರು. ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಏಕಾಂತಪ್ಪ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಪಟ್ಟಿ ನೋಡಿದೆ. ಕಾರ್ಯಕ್ರಮ ಮುಗಿದ ಮೇಲೆ ಅವನು ಪಂಡಿತರನ್ನು ಕೇಳಿಯೇ ಕೇಳಿದ.

"ಏಕಾಂತಪ್ಪ, ನೀ ಭೋಳೆ ಮನುಷ್ಯ," ಎಂದು ಪಂಡಿತರು ಅವನ ಹೆಗಲ ಮೇಲೆ ಕೈ ಹಾಕಿದರು. "ಜನಕ್ಕೆ ದೂರದ್ದು ಅಂದ್ರೇ ಬೆಲೆ. ಕೊಟ್ಟೂರಾಗ ಮಾಡಿದ್ದು ಅಂದ್ರೆ ಕೂಡ್ಲಿಗಿಯೋರು ಎದ್ದು ಹೋಗ್ತಾರೆ. ನಿಮ್ಮೂರಾಗ ಹೇಳೋಣ. ನಿನ್ನ ಮಾತು ನನಗೆ ನೆನಪೈತಿ."

ಏಕಾಂತಪ್ಪ ನಂಬಿದ. ಬಾಗಿಲು ಮಾಡುವವನಿಗೆ ಗಿರಾಕಿಯ ಮಾತಿನ ಮೇಲೆ ನಂಬಿಕೆ ಇರಲೇಬೇಕು, ಇಲ್ಲದಿದ್ದರೆ ಅಳತೆ ತೆಗೆದುಕೊಂಡು ಬರಲು ಆಗುವುದಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಕಲ್ಕತ್ತಾದ ಮರಕ್ಕೆ ಇನ್ನೂರು ವರ್ಷ ವಯಸ್ಸಾಯಿತು. ಹಡಗಲಿಗೆ ಹೋಗುವಷ್ಟರಲ್ಲಿ ಅದು ಬರ್ಮಾದ ಅರಮನೆಯ ಬಾಗಿಲಾಗಿತ್ತು. ಗುರುಗಳಿಗೆ ಕನಸಿನಲ್ಲಿ ಕಂಡಿತ್ತು, ಹಡಗಿನಲ್ಲಿ ಬಂದಿತ್ತು. ಹಡಗಲಿಯ ಗುತ್ತಿಗೆದಾರರೊಬ್ಬರು ವೇದಿಕೆ ಹತ್ತಿ ಗಿಟಾರಿಗೆ ಕೈ ಮುಗಿದರು. ಅದನ್ನು ನೋಡಿ ಅವರ ಹಿಂದಿನ ಸಾಲಿನವರೆಲ್ಲ ಹತ್ತಿದರು. ಪರದೆಯ ಹಿಂದೆ ಏಕಾಂತಪ್ಪ ಕಾಲು ಮಡಚಿ ಜಾಗ ಬಿಟ್ಟುಕೊಟ್ಟ.

ಹಗರಿಬೊಮ್ಮನಹಳ್ಳಿಯ, ಅಂದರೆ ನಮ್ಮ ಊರಿನ, ಸಭೆಯಲ್ಲಿ ಮನಸ್ಸು ತಡೆಯದೆ ವಂದನೆಯ ಪಟ್ಟಿಯಲ್ಲಿ ಎಲೆ ಅಡಿಕೆ ಕೊಟ್ಟವನಿಗೂ ಜನರೇಟರಿನವನಿಗೂ ನಡುವೆ ಏಕಾಂತಪ್ಪನ ಹೆಸರು ಸೇರಿಸಿದ್ದೆ. ಪಂಡಿತರು ಪಟ್ಟಿ ತರಿಸಿಕೊಂಡು, ಕೆಂಪು ಪೆನ್ನಿನಲ್ಲಿ ಗೀರು ಹಾಕಿ, "ಕೊಟ್ಟೂರಿಗೆ ಇರಲಿ ಮೇಷ್ಟ್ರೇ, ಅಲ್ಲಿ ತೂಕ ಬರ್ತೈತಿ," ಎಂದರು. ನಾನು ಜನರೇಟರಿನವನಿಗೆ ಎರಡು ಸಲ ವಂದಿಸಿದೆ.

ಟ್ರ್ಯಾಕ್ಸಿನಲ್ಲಿ ಏಕಾಂತಪ್ಪ ಹಿಂದಿನ ಸೀಟಿನಲ್ಲಿ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ಅವನಿಗೆ ರಾಗ ತಿಳಿಯುತ್ತಿರಲಿಲ್ಲ. "ಯಮನೋ, ಭೈರವಿಯೋ, ಅದೆಲ್ಲ ಅವ್ರಿಗೆ," ಎನ್ನುತ್ತಿದ್ದ. "ನಾ ಕೇಳೋದು ಸಂದು. ಎಲ್ಲಿ ಬಿಗಿ ಐತಿ, ಎಲ್ಲಿ ಸಡ್ಲ ಆಗೈತಿ, ಅಷ್ಟ." ಮುಂದಿನ ಸಾಲಿನಲ್ಲಿ ತಲೆ ತೂಗುವ ಗಣ್ಯರಲ್ಲಿ ತೂಗುವವರು ಎಷ್ಟು, ತೂಕಡಿಸುವವರು ಎಷ್ಟು ಎಂದು ಪರದೆಯ ಸಂದಿನಿಂದ ನೋಡಿ ನನಗೆ ವರದಿ ಒಪ್ಪಿಸುತ್ತಿದ್ದ. ಹಡಗಲಿಯಲ್ಲಿ ಆ ಗುತ್ತಿಗೆದಾರರು, ಪಂಡಿತರು ಇನ್ನೂ ತಂತಿಯ ಶ್ರುತಿ ಮಾಡುತ್ತಿರುವಾಗಲೇ "ವಾಹ್, ವಾಹ್" ಎಂದುಬಿಟ್ಟಿದ್ದರು. ಮರುದಿನ ಅದನ್ನು ನೆನೆದು ಏಕಾಂತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಶ್ರುತಿ ಮಾಡೋದಕ್ಕ ವಾಹ್ ಅಂದ್ರಲ್ರಿ ಮೇಷ್ಟ್ರ, ಅದು ಪಂಡಿತ್ರಿಗೆ ಅಲ್ಲ. ತಂತಿ ತಿರುವೋ ಬಿರಡಿ ಕೂಡ್ಸಿದಾವ ನಾನು. ಅದು ನನಗ ಬಂತು."

ನಕ್ಕು ಮುಗಿದ ಮೇಲೆ ಕಿಟಕಿಯಾಚೆ ನೋಡುತ್ತ ಇನ್ನೊಂದು ಮಾತು ಹೇಳಿದ. "ನಾ ಇಟ್ಟ ಬಾಗ್ಲಕ್ಕ ಯಾರೂ ಚಪ್ಪಾಳಿ ಹೊಡದಿಲ್ರಿ. ಆದ್ರ ಅದನ್ನ ಕಲ್ಕತ್ತಾದ್ದು ಅಂತ ಯಾರೂ ಅಂದಿದ್ದಿಲ್ಲ." ನಾನು ಮೈಲಪ್ಪನ ಕಡೆ ತಿರುಗಿ ಹರಪನಹಳ್ಳಿ ಇನ್ನೆಷ್ಟು ದೂರ ಎಂದು ಕೇಳಿದೆ. ಮೈಕಿಲ್ಲದ ಕಡೆ ನನ್ನ ಗಂಟಲು ಯಾವತ್ತೂ ಅಷ್ಟಕ್ಕಷ್ಟೇ.

ಹರಪನಹಳ್ಳಿ ಎಂದರೆ ಪಂಡಿತರ ಸ್ವಂತ ತಾಲ್ಲೂಕು. ಚಿಗಟೇರಿಯಿಂದ ಒಂದು ಲಾರಿ ಜನ ಬಂದಿದ್ದರು. ಅವರ ಮುಂದಾಳು ಪಂಡಿತರ ಸೋದರತ್ತೆ ಮಾಳಮ್ಮ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಅಣ್ಣನ ಮಗ ಅಷ್ಟು ದೂರದಿಂದ ಹೊಸದೊಂದು ತಂದಿದ್ದಾನೆ, ಪೂಜೆಯಿಲ್ಲದೆ ಮುಟ್ಟಬಾರದು ಎಂದು ಆಕೆ ಹಟ ಹಿಡಿದಳು. ನಮ್ಮ ಕಡೆ ಹೊಸ ಟ್ರ್ಯಾಕ್ಟರು ಬಂದರೆ ಏನೇನು ಮಾಡುತ್ತಾರೋ ಅಷ್ಟೂ ಆ ಗಿಟಾರಿಗೆ ಆಯಿತು. ಜಮಖಾನೆಯ ಮೇಲೆ ಅಂಗಾತ ಮಲಗಿಸಿ ವಿಭೂತಿ ಬಳಿದರು, ಅರಿಶಿನ ಕುಂಕುಮ ಹಚ್ಚಿದರು, ಚೆಂಡು ಹೂವಿನ ಮಾಲೆ ಹಾಕಿದರು. ಗಾಲಿ ಇಲ್ಲದ್ದರಿಂದ ನಿಂಬೆಹಣ್ಣು ಎಲ್ಲಿಡಬೇಕು ಎಂಬುದೊಂದು ಚರ್ಚೆಯಾಗಿ, ಕೊನೆಗೆ ಎರಡೂ ಕಡೆ ಇಟ್ಟರು. ಅಕ್ಷತೆ ಹಾಕಿದವರೆಲ್ಲ ಗುರಿಯಿಟ್ಟಂತೆ ಆ ದುಂಡು ಬಾಯೊಳಗೇ ಹಾಕಿದರು.

ಮಾಳಮ್ಮ ತೆಂಗಿನಕಾಯಿ ಒಡೆದು, ನೀರು ತುಂಬಿದ ಹೋಳನ್ನು ಎತ್ತಿದಳು. ಏಕಾಂತಪ್ಪ ಓಡಿಬಂದ.

"ಯವ್ವಾ, ನೀರು ಬ್ಯಾಡವ್ವಾ, ಅಂಟು ಬಿಡ್ತೈತಿ."

"ನೀನ್ಯಾರಪ್ಪ ಬ್ಯಾಡ ಅನ್ನಾಕೆ? ಪಾಪ, ಅಷ್ಟು ದೂರದಿಂದ ಬಂದು ಬಾಯಿ ತಕ್ಕಂಡು ಮಲಗೈತಿ. ಒಂದು ಗುಟುಕು ತೀರ್ಥ ಹಾಕಬಾರದಾ?" ಎಂದು ಆಕೆ ಹೋಳನ್ನು ಬಗ್ಗಿಸಿಯೇಬಿಟ್ಟಳು. ಪಂಡಿತರು ಕೈ ಮುಗಿದು ಕಣ್ಣು ಮುಚ್ಚಿ ನಿಂತಿದ್ದರು, ಫೋಟೋದವನು ಬಂದಿದ್ದ.

ನೀನ್ಯಾರು ಎಂದು ಕೇಳಿದಾಗ ಏಕಾಂತಪ್ಪ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಗಿಟಾರನ್ನು ಬೋರಲು ಹಾಕಿ, ತನ್ನ ಹೆಗಲ ಮೇಲಿನ ಟವೆಲು ತುರುಕಿ ಆದಷ್ಟು ನೀರು ಹೀರಿಸಿದ. ಆ ಸಂಜೆಯ ಕಾರ್ಯಕ್ರಮ ಹೇಗೋ ಆಯಿತು. ಒಳಗೆ ತೇವವೂ ಅದಕ್ಕೆ ಅಂಟಿಕೊಂಡ ಅಕ್ಷತೆಯೂ ಉಳಿದಿದ್ದವು.

ಕೊಟ್ಟೂರಿನದು ಭಾನುವಾರ ಬೆಳಗಿನ ಹತ್ತು ಗಂಟೆಗೆ, ಕಲ್ಯಾಣ ಮಂಟಪದಲ್ಲಿ. ಹೆಂಗಸರ ಕಡೆ ಮೂರನೇ ಸಾಲಿನಲ್ಲಿ ಬಸಲಿಂಗಮ್ಮ ಕೂತಿದ್ದಳು, ಸುತ್ತ ಓಣಿಯ ಹನ್ನೆರಡು ಹೆಂಗಸರು. "ಇವತ್ತ ನಮ್ಮ ಮನಿಯವ್ರ ಹೆಸರು ಹೇಳ್ತಾರ," ಎಂದು ಬೆಳಗ್ಗೆ ಬಾಗಿಲು ಬಾಗಿಲಿಗೆ ಹೋಗಿ ಕರೆದು ತಂದಿದ್ದಳು. ಆ ಬಾಗಿಲುಗಳಲ್ಲಿ ಅರ್ಧ ಏಕಾಂತಪ್ಪ ಮಾಡಿದ್ದೇ.

ಪಂಡಿತರು ಅವತ್ತು ಕಲ್ಕತ್ತಾ ಎನ್ನಲಿಲ್ಲ. ಏಕಾಂತಪ್ಪ ಎಂದೂ ಅನ್ನಲಿಲ್ಲ. "ಈ ವಾದ್ಯದ ಕಥೆ ದೊಡ್ಡದು, ಸಮಯ ಉಳಿದರೆ ಕೊನೆಗೆ ಹೇಳುತ್ತೇನೆ," ಎಂದರು. ಅಧ್ಯಕ್ಷರ ಭಾಷಣ ಆಗಲೇ ಐವತ್ತು ನಿಮಿಷ ತಿಂದಿತ್ತು. ಸಮಯ ಉಳಿಯುವುದಿಲ್ಲವೆಂದು ಪಂಡಿತರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂರನೇ ಸಾಲಿನಲ್ಲಿ ಬಸಲಿಂಗಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಸರಳು ತಂತಿಯ ಮೇಲೆ ಜಾರಿತು. ಮೊದಲ ಸ್ವರದ ಹಿಂದೆಯೇ ಝರ್ರ್ ಎಂದು ಒಂದು ಸದ್ದು, ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡ ಹಾಗೆ. ಪಂಡಿತರು ನಿಲ್ಲಿಸಿದರು. ಮತ್ತೆ ಮೀಟಿದರು. ಮತ್ತೆ ಝರ್ರ್. ಮೈಕು ಅದನ್ನು ಹಿಡಿದು ಮಂಟಪದ ನಾಲ್ಕು ಮೂಲೆಗೂ ಹಂಚಿತು. ಹಿಂದೆ ಹುಡುಗರು ಕಿಸಕ್ಕೆಂದರು. ಪಂಡಿತರ ಮುಖ ಕೆಂಪಾಯಿತು. ಅರ್ಧ ಮುಚ್ಚಿದ ಕಣ್ಣು ಪೂರ್ತಿ ತೆರೆದು, ಮೈಕನ್ನು ಹತ್ತಿರ ಎಳೆದುಕೊಂಡರು.

"ಕೊಟ್ಟೂರಿನ ಮಹಾಜನರು ಕ್ಷಮಿಸಬೇಕು. ತಪ್ಪು ನನ್ನದಲ್ಲ. ಈ ಗಿಟಾರು ಮಾಡಿದವನು ನಿಮ್ಮೂರಿನ ಬಡಿಗೇರ ಏಕಾಂತಪ್ಪ. ಬಾಗಿಲು ಮಾಡುವ ಕೈಗೆ ಇಂಥ ಕೆಲಸ ಕೊಡಬಾರದಿತ್ತು."

ನಾಲ್ಕು ಊರಿನಲ್ಲಿ ಬಾರದ ಹೆಸರು ಹೀಗೆ ಬಂತು. ಕೊಟ್ಟೂರಿನಲ್ಲಿ, ಮೈಕಿನಲ್ಲಿ, ಹೆಂಡತಿ ಕೂತು ಕೇಳುವಾಗ. ಕೊಟ್ಟ ಮಾತು ಅಕ್ಷರಶಃ ನಡೆದಿತ್ತು. ಓಣಿಯ ಹೆಂಗಸರು ಬಸಲಿಂಗಮ್ಮನ ಕಡೆ ತಿರುಗಿ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ, ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

ಪರದೆ ಸರಿಯಿತು. ಏಕಾಂತಪ್ಪ ಚಪ್ಪಲಿ ಕಳಚಿಟ್ಟು ವೇದಿಕೆಯ ಮೇಲೆ ಬಂದ. ಐದು ದಿನದಲ್ಲಿ ಮೊದಲ ಸಲ. ಚಟ ಬಿಡದೆ, ಬರುವ ದಾರಿಯಲ್ಲಿದ್ದ ಅಧ್ಯಕ್ಷರ ಟೇಬಲ್ಲನ್ನು ಎರಡು ಸಲ ಬಡಿದ. ನಂತರ "ಕೊಡ್ರಿ ಇಲ್ಲಿ," ಎಂದು ಪಂಡಿತರ ತೊಡೆಯಿಂದ ಗಿಟಾರು ಎತ್ತಿಕೊಂಡು, ಅದನ್ನೂ ಬಡಿದು, ಕಿವಿಯಿಟ್ಟ.

"ಮರ ಸರಿ ಐತಿ," ಎಂದ. ಮೈಕು ಹತ್ತಿರವೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು. "ಹೊಟ್ಟ್ಯಾಗ ಏನೋ ಐತಿ."

ತಂತಿ ಸಡಿಲಿಸಿ, ಬೋರಲು ಹಿಡಿದು ಅಲ್ಲಾಡಿಸಿದ. ಅಕ್ಷತೆ ಉದುರಿತು, ಒಂದು ಹಿಡಿಯಷ್ಟು. ಕುಂಕುಮದ ಗಂಟು ಬಿತ್ತು, ತೆಂಗಿನ ನಾರು ಬಿತ್ತು, ಯಾರೋ ಭಕ್ತರು ಹಾಕಿದ ಒಂದು ರೂಪಾಯಿ ನಾಣ್ಯ ಟಣ್ ಎಂದು ಬಿದ್ದು ಉರುಳಿ ಅಧ್ಯಕ್ಷರ ಕುರ್ಚಿಯ ಕೆಳಗೆ ಹೋಯಿತು. ಮಂಟಪ ಘೊಳ್ಳೆಂದು ನಕ್ಕಿತು. ಏಕಾಂತಪ್ಪ ನಗಲಿಲ್ಲ. ಎರಡು ಬೆರಳು ಒಳಗೆ ಹಾಕಿ, ತೀರ್ಥಕ್ಕೆ ಅಂಟು ಬಿಟ್ಟು ಅರ್ಧ ಎದ್ದು ನಿಂತಿದ್ದ ಚೀಟಿಯನ್ನು ಹಿಡಿದು ಎಳೆದ.

"ಇದ ನೋಡ್ರಿ, ಗಾಳಿಗೆ ಬಡಕೊಂತಿತ್ತು," ಎಂದು ಅದನ್ನು ನನ್ನ ಕೈಗೆ ಕೊಟ್ಟ. "ಮೇಷ್ಟ್ರ, ತಂತಿ ನಂಬರು ಅಂದಿದ್ರಿ. ಮೈಕಿನಾಗ ಓದ್ರಿ. ಎಷ್ಟನೇ ನಂಬರು ನೋಡೋಣ."

ಅವನಿಗೆ ಅಷ್ಟು ಹೊತ್ತಿಗೆ ತಿಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪಂಡಿತರು ಕೂಡ್ಲಿಗಿಯ ಕನ್ನಡಿಯಲ್ಲಿ ನೋಡಿದ ಹಾಗೆಯೇ ನನ್ನನ್ನು ನೋಡಿದರು. ಮೂರನೇ ಸಾಲಿನಲ್ಲಿ ಬಸಲಿಂಗಮ್ಮನೂ ತಲೆಯೆತ್ತಿ ನೋಡಿದಳು. ಇನ್ನೊಂದು ಸುಳ್ಳು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ಆ ಹೆಂಗಸಿನ ಮುಖ ನೋಡುತ್ತ ನಾಲಿಗೆ ಹೊರಳಲಿಲ್ಲ.

"ಇದು ನಂಬರಲ್ಲ," ಎಂದೆ. "ನಾನು ಸುಳ್ಳು ಹೇಳಿದ್ದೆ. ಇದರಲ್ಲಿ, ಮೇಡ್ ಇನ್ ಕಲ್ಕತ್ತಾ, ಸಾವಿರದ ಒಂಬೈನೂರ ಅರವತ್ತೊಂದು, ಎಂದು ಬರೆದಿದೆ."

ಮಂಟಪಕ್ಕೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ನಗು ಹೆಂಗಸರ ಸಾಲಿನಿಂದ ಎದ್ದಿತು. ಹಿಂದಿನಿಂದ ಯಾರೋ, "ಅಲ್ರೀ ಪಂಡಿತ್ರ, ಈಗರ ಏಕಾಂತಪ್ಪ ಮಾಡ್ಯಾನ ಅಂದ್ರಿ. ಕೆಟ್ಟಾಗ ಕೊಟ್ಟೂರದ್ದು, ನೆಟ್ಟಗಿದ್ದಾಗ ಕಲ್ಕತ್ತಾದ್ದಾ?" ಎಂದು ಕೂಗಿದರು. ಪಂಡಿತರು ಕೂದಲು ಹಿಂದಕ್ಕೆ ತಳ್ಳಿಕೊಂಡರು.

ಆಗ ನನಗೆ ಕೂಡ್ಲಿಗಿಯ ಮಾತು ನೆನಪಾಯಿತು, ಅದೇ ಜಾಗದಾಗ ಅಂಟಿಸ್ಬೇಕಾ ಎಂದದ್ದು. ಮೈಕಿನ ಹುಡುಗನ ಟಾರ್ಚು ಇಸಿದುಕೊಂಡು ಗಿಟಾರಿನ ಬಾಯೊಳಗೆ ಬಿಟ್ಟೆ. ಚೀಟಿ ಇದ್ದ ಜಾಗದಲ್ಲಿ, ಕಾದ ಮೊಳೆಯಿಂದ ಸುಟ್ಟು ಬರೆದ ಸೊಟ್ಟ ಅಕ್ಷರಗಳಿದ್ದವು. ಏಕಾಂತಪ್ಪ ನನ್ನ ಕೈ ಹಿಡಿದು, "ಅದು ಬ್ಯಾಡ ಬಿಡ್ರಿ ಮೇಷ್ಟ್ರ," ಎಂದ. ನಾನು ಐದು ದಿನದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಅವನ ಮಾತು ಕೇಳದೆ ಅದನ್ನು ಮೈಕಿನಲ್ಲಿ ಓದಿದ್ದು.

"ಗುಡೇಕೋಟಿ ಬಸಲಿಂಗಮ್ಮನ ಪೆಟ್ಟಿಗಿ. ಮೂರು ಚೀಲ ಜ್ವಾಳ ಹಿಡಿತಿತ್ತು."

ಅಷ್ಟೇ ಇತ್ತು. ಮಾಡಿದವನ ಹೆಸರು ಎಲ್ಲಿಯೂ ಇರಲಿಲ್ಲ.

ಚಪ್ಪಾಳೆ ಬಹಳ ಹೊತ್ತು ಬಿತ್ತು. ಏಕಾಂತಪ್ಪ ಅದು ತನಗಲ್ಲ ಎನ್ನುವಂತೆ ತಂತಿ ಬಿಗಿಮಾಡುತ್ತ ಕೂತಿದ್ದ. ಮೀಟಿ ನೋಡಿ, ಗಿಟಾರನ್ನು ಪಂಡಿತರ ತೊಡೆಯ ಮೇಲೆ ಮಲಗಿಸಿ, "ಬಾರಿಸ್ರಿ ಈಗ. ಬಾಗ್ಲ ಮಾಡೋ ಕೈರಿ ಇದು, ಸಂದು ಬಿಡಂಗಿಲ್ಲ," ಎಂದು ಇಳಿದುಹೋದ. ಪಂಡಿತರು ಬಾರಿಸಿದರು. ಸತ್ಯ ಹೇಳಬೇಕೆಂದರೆ ಆ ಐದು ದಿನದಲ್ಲಿ ಅವರು ಅಷ್ಟು ಚೆನ್ನಾಗಿ ಎಲ್ಲೂ ಬಾರಿಸಿರಲಿಲ್ಲ. ಉದ್ದಕ್ಕೂ ತಲೆ ಎತ್ತಲಿಲ್ಲ. ವಂದನಾರ್ಪಣೆಯಲ್ಲಿ ನಾನು ಏಕಾಂತಪ್ಪನ ಹೆಸರನ್ನು ಮೊದಲಿಗೊಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ಹೇಳಿದೆ. ಗಡಿಬಿಡಿಯಲ್ಲಿ ಅಡುಗೆಯವರ ಹೆಸರು ಬಿಟ್ಟುಹೋಯಿತು. ಅವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಪಂಡಿತರು ಈಗಲೂ ಅದೇ ಗಿಟಾರು ನುಡಿಸುತ್ತಾರೆ. ಈಗ ಕಲ್ಕತ್ತಾ ಇಲ್ಲ. ಗುಡೇಕೋಟೆಯ ಪಾಳೇಗಾರರ ರಾಣಿಯೊಬ್ಬಳು ಒಡವೆ ಇಡುತ್ತಿದ್ದ ಪೆಟ್ಟಿಗೆಯಿಂದ, ಕೊಟ್ಟೂರಿನ ಒಬ್ಬ ಅವಧೂತರು ಮಾಡಿಕೊಟ್ಟದ್ದು ಎಂದು ಹೋದ ವರ್ಷ ದಾವಣಗೆರೆಯಲ್ಲಿ ಹೇಳಿದರಂತೆ. ಅದನ್ನು ಕೇಳಿ ಏಕಾಂತಪ್ಪ, "ಅವಧೂತ ಅಂದ್ರ ಸಂಗಡಿಗರಿಗಿಂತ ಮ್ಯಾಲ ಅಲ್ಲೇನ್ರಿ?" ಎಂದು ಕೇಳಿದ.

ಕೊಟ್ಟೂರಿನ ಸಭೆ ಮುಗಿದ ಮೇಲೆ ಅವತ್ತು ಮಧ್ಯಾಹ್ನ ಏಕಾಂತಪ್ಪ ನನ್ನನ್ನು ಊಟಕ್ಕೆ ಮನೆಗೆ ಕರೆದುಕೊಂಡು ಹೋದ. ಪೆಟ್ಟಿಗೆ ಇದ್ದ ಮೂಲೆಯಲ್ಲಿ ಜೋಳದ ಚೀಲಗಳು ಗೋಡೆಗೆ ಒರಗಿದ್ದವು. ಬಸಲಿಂಗಮ್ಮ ಖುಷಿಯಾಗಿರುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆಯ ಮುಂದೆ ಗಂಟುಮೋರೆ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನಾವು ಕೂತದ್ದೇ ತಡ ಗಂಡನ ಮೇಲೆ ಹಾಯ್ದಳು.

"ನಾ ಯಾರ ಹೆಸರು ಹೇಳಿಸ್ರಿ ಅಂದಿದ್ದೆ? ನಿಮ್ಮದು ಹೇಳಿಸ್ರಿ ಅಂದ್ರ ನನ್ನದು ಬರದಿಟ್ಟು ಕುಂತೀರಿ. ಆ ಸುಡುಗಾಡು ಅಕ್ಷರ ಸುಡುವಾಗ ನಿಮ್ಮ ಹೆಸರಿಗೆ ಜಾಗ ಇದ್ದಿದ್ದಿಲ್ಲೇನು?"

ಏಕಾಂತಪ್ಪ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗಿದ.

"ಜಾಗ ಇತ್ತು," ಎಂದ. "ಮಾಡಿದಾವ ನಾನು ಅಂತ ನನಗ ಗೊತ್ತೈತಿ. ಯಾರ ಮನಿ ಪೆಟ್ಟಿಗಿ ಅಂತ ಅದಕ್ಕ ಗೊತ್ತಿರಬೇಕಲ್ಲ."

ಬಸಲಿಂಗಮ್ಮ ಹಂಚಿನ ಮೇಲಿದ್ದ ರೊಟ್ಟಿಯನ್ನು ತೆಗೆದು ಬಿಸಿಬಿಸಿಯಾಗಿ ಗಂಡನ ತಟ್ಟೆಗೆ ಹಾಕಿದಳು, ಮೇಲೆ ಒಂದು ಚಮಚೆ ತುಪ್ಪ ಬಿಟ್ಟಳು. ನಂತರ ನನ್ನ ಕಡೆ ತಿರುಗಿ, "ತಂತಿ ನಂಬರು," ಎಂದಳು. ನನ್ನ ತಟ್ಟೆ ಖಾಲಿಯಾಗಿತ್ತು. ಇನ್ನೊಂದು ಬೇಕೇ ಎಂದು ಕೇಳಲಿಲ್ಲ.